ಗೇಣಿದಾರನ ಹೊಲದ ಮೊಲಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಉದಾರವಾದ ಎಂಬ ಪದವನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ, ಚರ್ಚೆಗಳಲ್ಲಿ ಕೇಳಿರುತ್ತೀರಿ. ಸರ್ಕಾರವು ಜನರ ವ್ಯವಹಾರಕ್ಕೆ ಕೈಹಾಕದೆ ದೂರ ನಿಲ್ಲಬೇಕೆನ್ನುವವರೂ ತಮ್ಮನ್ನು ಉದಾರವಾದಿಗಳೆಂದೇ ಕರೆದುಕೊಳ್ಳುತ್ತಾರೆ. ಮಕ್ಕಳಿಗೆ ಶಾಲೆ, ರೋಗಿಗಳಿಗೆ ಚಿಕಿತ್ಸೆ, ವೃದ್ಧರಿಗೆ ಪಿಂಚಣಿ ಒದಗಿಸುವುದು ಸರ್ಕಾರದ ಕರ್ತವ್ಯವೆನ್ನುವವರೂ ಅದೇ ಹೆಸರನ್ನು ಹೇಳಿಕೊಳ್ಳುತ್ತಾರೆ. ಈ ಎರಡನೆಯವರ ನಿಲುವನ್ನು ಸಾಮಾಜಿಕ ಉದಾರವಾದ ಎನ್ನುತ್ತೇವೆ. ಅದು ಎಲ್ಲಿ, ಏಕೆ ಹುಟ್ಟಿತು ಎಂಬುದನ್ನು ಹೇಳಲು ಇಂದು ಬಂದಿದ್ದೇನೆ. ನಡುವೆ ಬರುವ ಹೆಸರುಗಳನ್ನೂ ಇಸವಿಗಳನ್ನೂ ನೀವು ಮರೆತರೆ ಚಿಂತೆಯಿಲ್ಲ, ಈ ಒಂದು ವಿಚಾರವನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳಿ. ಯಾರೂ ತಡೆಯುತ್ತಿಲ್ಲ ಎಂದ ಮಾತ್ರಕ್ಕೆ ಮನುಷ್ಯ ಸ್ವತಂತ್ರನಾಗುವುದಿಲ್ಲ. ಬಾಳಿ ಬೆಳೆಯುವ ಶಕ್ತಿಯೂ ಅವನಿಗಿರಬೇಕು.

ಹಳೆಯ ಉದಾರವಾದವನ್ನು ನಾನು ಹಗುರವಾಗಿ ಕಾಣುವವನಲ್ಲ. ಅರಸನ ಇಚ್ಛೆಯೇ ಕಾನೂನೆಂದು ಸಾಧಿಸಲು ಹೊರಟವರಿದ್ದ ಕಾಲದಲ್ಲಿ, ಪ್ರಜೆಗಳ ಸಮ್ಮತಿಯಿಲ್ಲದ ಆಳ್ವಿಕೆ ನ್ಯಾಯಬದ್ಧವಲ್ಲವೆಂದು 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ಲಾಕ್ ವಾದಿಸಿದರು. 1776ರಲ್ಲಿ ಆಡಂ ಸ್ಮಿತ್ ವ್ಯಾಪಾರದ ಏಕಸ್ವಾಮ್ಯಗಳನ್ನು ಖಂಡಿಸಿದರು. ಹೊರದೇಶದ ಧಾನ್ಯಕ್ಕೆ ಸುಂಕ ಹೇರಿ ಬ್ರಿಟನ್ನಿನ ಭೂಮಾಲೀಕರ ಜೇಬು ತುಂಬಿಸುತ್ತಿದ್ದ ಧಾನ್ಯ ಕಾಯ್ದೆಗಳ ವಿರುದ್ಧ ರಿಚರ್ಡ್ ಕಾಬ್ಡೆನ್ ಮತ್ತು ಜಾನ್ ಬ್ರೈಟ್ ವರ್ಷಗಟ್ಟಲೆ ಹೋರಾಡಿದರು, 1846ರಲ್ಲಿ ಅವುಗಳ ರದ್ದತಿಗೆ ಪಾರ್ಲಿಮೆಂಟು ಒಪ್ಪಿತು. ಈ ಹೋರಾಟಗಳಲ್ಲೆಲ್ಲ ಎದುರಾಳಿಯಾಗಿದ್ದದ್ದು ಮಿತಿಮೀರಿದ ಪ್ರಭುತ್ವ. ಹಾಗಾಗಿ ಪ್ರಭುತ್ವ ಹಿಂದೆ ಸರಿದಷ್ಟೂ ಸ್ವಾತಂತ್ರ್ಯ ಹೆಚ್ಚುತ್ತದೆ, ಇಬ್ಬರು ಸ್ವಂತ ಇಚ್ಛೆಯಿಂದ ಮಾಡಿಕೊಂಡ ಕರಾರಿನಲ್ಲಿ ಕಾನೂನು ತಲೆಹಾಕಕೂಡದು ಎಂಬ ನಂಬಿಕೆ ಬೇರೂರಿತು. ಆ ನಂಬಿಕೆ ಎಲ್ಲಿ ಸೋತಿತೆಂದು ತೋರಿಸಲು ಸಾಮಾನ್ಯವಾಗಿ ಎಲ್ಲರೂ ಕಾರ್ಖಾನೆ, ಗಣಿಗಳ ಕಥೆ ಹೇಳುತ್ತಾರೆ. ನಾನು ಮೊಲಗಳ ಕಥೆ ಹೇಳುತ್ತೇನೆ, ಏಕೆಂದರೆ ಇಷ್ಟು ಸ್ಪಷ್ಟವಾದ ಉದಾಹರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಹುಪಾಲು ರೈತರು ಗೇಣಿದಾರರು. ನೆಲ ಒಡೆಯನದು, ಬೇಸಾಯ ಗೇಣಿದಾರನದು. ಒಡೆಯನಿಗೆ ಬೇಟೆಯ ಹವ್ಯಾಸವಿದ್ದುದರಿಂದ, ಹೊಲದಲ್ಲಿ ಓಡಾಡುವ ಮೊಲಗಳನ್ನು ಹೊಡೆಯುವ ಹಕ್ಕು ತನಗೇ ಸೇರಿದ್ದೆಂದು ಆತ ಗೇಣಿಪತ್ರದಲ್ಲಿ ಬರೆಸಿಕೊಳ್ಳುತ್ತಿದ್ದ. ಬೇಟೆಗೆ ಬೇಕೆಂದು ಮೊಲಗಳ ಸಂಖ್ಯೆ ಬೆಳೆಯಲು ಬಿಡುತ್ತಿದ್ದ. ಅವು ಮೇಯುತ್ತಿದ್ದುದು ಗೇಣಿದಾರ ಬಿತ್ತಿದ ಪೈರನ್ನು. ಕಣ್ಣೆದುರಿಗೇ ತನ್ನ ವರ್ಷದ ದುಡಿಮೆಯನ್ನು ಕಡಿದು ತಿನ್ನುತ್ತಿರುವ ಪ್ರಾಣಿಯ ಮೇಲೆ ಆ ರೈತ ಕೈಯೆತ್ತುವಂತಿರಲಿಲ್ಲ. ಎತ್ತಿದರೆ ಕರಾರು ಮುರಿದಂತೆ. ಬೆಳೆ ಎಷ್ಟು ಹಾಳಾದರೂ ಗೇಣಿ ಸಲ್ಲಿಸಲೇಬೇಕಿತ್ತು.

ಅಂಥ ಕರಾರಿಗೆ ಆತ ಸಹಿ ಹಾಕಿದ್ದೇಕೆ ಎಂದು ನೀವು ಕೇಳಬಹುದು. ಹಳೆಯ ಉದಾರವಾದಿ ಕೇಳುತ್ತಿದ್ದದ್ದೂ ಅದನ್ನೇ. ಯಾರೂ ಆತನ ಕುತ್ತಿಗೆಗೆ ಕತ್ತಿ ಹಿಡಿದಿರಲಿಲ್ಲವಲ್ಲ, ಒಪ್ಪಿ ಬರೆದುಕೊಟ್ಟ ಮೇಲೆ ದೂರುವುದೇಕೆ ಎಂದು. ಆದರೆ ಸಹಿ ಹಾಕದೆ ಆತ ಹೋಗುವುದಾದರೂ ಎಲ್ಲಿಗೆ? ಪಕ್ಕದ ಒಡೆಯನೂ ಅದೇ ಷರತ್ತನ್ನು ಮುಂದಿಡುತ್ತಾನೆ. ಈ ಗೇಣಿದಾರ ಬಿಟ್ಟುಹೋದರೆ ಒಡೆಯನಿಗೆ ಇನ್ನೊಬ್ಬ ಸಿಗುತ್ತಾನೆ. ಹೊಲ ಸಿಗದಿದ್ದರೆ ಗೇಣಿದಾರನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಕಾಗದದ ಮೇಲೆ ಇಬ್ಬರ ಸಹಿಗೂ ಒಂದೇ ಬೆಲೆಯಿದ್ದರೂ, ಬೇಡವೆನ್ನುವ ಶಕ್ತಿ ಇದ್ದದ್ದು ಒಬ್ಬನಿಗೆ ಮಾತ್ರ.

1880ರಲ್ಲಿ ಬ್ರಿಟನ್ನಿನ ಪ್ರಧಾನಿ ಗ್ಲ್ಯಾಡ್‌ಸ್ಟನ್ನರ ಲಿಬರಲ್ ಸರ್ಕಾರ ಒಂದು ಕಾಯ್ದೆ ತಂದಿತು. ನೆಲವನ್ನು ಉಳುವವನಿಗೆ ಅಲ್ಲಿಯ ಮೊಲಗಳನ್ನು ಕೊಲ್ಲುವ ಹಕ್ಕಿದೆ ಎಂದು ಅದು ಸಾರಿತು. ಮುಂದಿನ ಅಂಶವನ್ನು ದಯವಿಟ್ಟು ಗಮನವಿಟ್ಟು ಕೇಳಿ: ಆ ಹಕ್ಕನ್ನು ಬಿಟ್ಟುಕೊಡುತ್ತೇನೆಂದು ಗೇಣಿದಾರ ತಾನಾಗಿಯೇ ಬರೆದುಕೊಟ್ಟರೂ ಆ ಬರಹ ಊರ್ಜಿತವಲ್ಲವೆಂದೂ ಕಾಯ್ದೆ ಹೇಳಿತು. ಅಲ್ಲಿಗೆ ಕರಾರಿನ ಸ್ವಾತಂತ್ರ್ಯದ ಬುಡಕ್ಕೇ ಕೊಡಲಿ ಬಿತ್ತೆಂದು ಹಲವರು ಕೂಗೆಬ್ಬಿಸಿದರು. ಲಿಬರಲ್ ಪಕ್ಷದೊಳಗೇ ಕಸಿವಿಸಿಯಿತ್ತು. ಸ್ವಾತಂತ್ರ್ಯದ ಹೆಸರಿನಲ್ಲಿ ಬೆಳೆದ ಪಕ್ಷವೊಂದು ಸಹಿ ಹಾಕುವ ಸ್ವಾತಂತ್ರ್ಯವನ್ನೇ ಕಸಿದುಕೊಳ್ಳಬಹುದೇ?

ಈ ಪ್ರಶ್ನೆಗೆ ಉತ್ತರ ಕೊಟ್ಟವರು ಥಾಮಸ್ ಹಿಲ್ ಗ್ರೀನ್. ಆಕ್ಸ್‌ಫರ್ಡ್‌ನಲ್ಲಿ ನೀತಿಶಾಸ್ತ್ರ ಕಲಿಸುತ್ತಿದ್ದ ಈ ಪ್ರಾಧ್ಯಾಪಕರು ನಗರಸಭೆಗೂ ಚುನಾಯಿತರಾಗಿ ಊರಿನ ಶಾಲೆಗಳಿಗಾಗಿ ದುಡಿದವರು. 1881ರಲ್ಲಿ ಲೆಸ್ಟರ್ ನಗರದಲ್ಲಿ ಅವರೊಂದು ಭಾಷಣ ಮಾಡಿದರು. ಮೊಲಗಳ ಕಾಯ್ದೆಯನ್ನೂ, ಕೆಲಸದಲ್ಲಿ ಗಾಯಗೊಂಡ ಕಾರ್ಮಿಕರಿಗೆ ಮಾಲೀಕರಿಂದ ಪರಿಹಾರ ಕೊಡಿಸಲು 1880ರಲ್ಲೇ ಬಂದ ಇನ್ನೊಂದು ಕಾಯ್ದೆಯನ್ನೂ ಮುಂದಿಟ್ಟುಕೊಂಡು, ಕರಾರು ಏತಕ್ಕಾಗಿ ಇದೆಯೆಂದು ಕೇಳಿದರು. ತನ್ನನ್ನು ತಾನೇ ಗುಲಾಮಗಿರಿಗೆ ಮಾರಿಕೊಳ್ಳುತ್ತೇನೆಂದು ಒಬ್ಬ ಮನಃಪೂರ್ವಕವಾಗಿ ಬರೆದುಕೊಟ್ಟರೂ ನಮ್ಮ ನ್ಯಾಯಾಲಯಗಳು ಅದನ್ನು ಮಾನ್ಯ ಮಾಡುವುದಿಲ್ಲ. ಅಂದರೆ ಕರಾರಿಗಿಂತ ದೊಡ್ಡದೊಂದು ಉದ್ದೇಶವಿದೆಯೆಂದು ನಾವು ಈಗಾಗಲೇ ಒಪ್ಪಿದ್ದೇವೆ ಎಂದರು. ಮಾಡಲು ಯೋಗ್ಯವಾದುದನ್ನು ಇತರರೊಡನೆ ಕೂಡಿ ಮಾಡುವ, ಅನುಭವಿಸಲು ಯೋಗ್ಯವಾದುದನ್ನು ಇತರರೊಡನೆ ಕೂಡಿ ಅನುಭವಿಸುವ ನಿಜವಾದ ಶಕ್ತಿಯೇ ಸ್ವಾತಂತ್ರ್ಯವೆಂಬುದು ಅವರ ವಿವರಣೆ. ಕರಾರು ಆ ಶಕ್ತಿಗೆ ಸಾಧನ. ಸಾಧನವು ಉದ್ದೇಶವನ್ನೇ ಕೆಡಿಸುವಾಗ ಕಾನೂನು ಅದನ್ನು ತಿದ್ದಬೇಕು. ಮರುವರ್ಷವೇ, ತಮ್ಮ 45ನೆಯ ವಯಸ್ಸಿನಲ್ಲಿ, ಗ್ರೀನ್ ತೀರಿಕೊಂಡರು. ಆದರೆ ಅವರ ಪಾಠ ಕೇಳಿದವರೂ ಬರಹ ಓದಿದವರೂ ಮುಂದಿನ ತಲೆಮಾರಿನ ರಾಜಕೀಯವನ್ನೇ ಬದಲಿಸಿದರು.

ಇದು ಹೆಸರು ಮರೆಸಿಕೊಂಡ ಸಮಾಜವಾದವಲ್ಲವೇ ಎಂದು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ಅಲ್ಲ. ಸಾಮಾಜಿಕ ಉದಾರವಾದಿಗೆ ಖಾಸಗಿ ಆಸ್ತಿ ಬೇಕು, ಮಾರುಕಟ್ಟೆ ಬೇಕು, ವಾಕ್ ಸ್ವಾತಂತ್ರ್ಯ, ಧರ್ಮ ಸ್ವಾತಂತ್ರ್ಯ, ಚುನಾವಣೆ ಎಲ್ಲವೂ ಬೇಕು. ಆತ ಹಳೆಯ ಉದಾರವಾದದಿಂದ ಏನನ್ನೂ ಬಿಸಾಡುವುದಿಲ್ಲ. ಅದರ ಫಲವನ್ನು ಉಣ್ಣುವ ಶಕ್ತಿ ಎಲ್ಲರಿಗೂ ಬರಲಿ ಎನ್ನುತ್ತಾನೆ. ತೆರಿಗೆಯ ವಿಷಯದಲ್ಲೂ ಹಾಗೆಯೇ. 1911ರಲ್ಲಿ ಇಂಗ್ಲಿಷ್ ಚಿಂತಕ ಲಿಯೊನಾರ್ಡ್ ಹಾಬ್‌ಹೌಸ್ ವಾದಿಸಿದಂತೆ, ಯಾರ ಸಂಪತ್ತೂ ಒಬ್ಬನೇ ಗಳಿಸಿದ್ದಲ್ಲ. ಅದರ ಹಿಂದೆ ಇಡೀ ಸಮಾಜದ ಕಾವಲು, ಕೌಶಲ, ಸಹಕಾರಗಳಿವೆ. ಸಮಾಜ ತೆರಿಗೆಯಾಗಿ ಪಡೆಯುವುದು ತನ್ನದೇ ಪಾಲನ್ನು. ಬಡತನವೆಂಬುದು ಸೋಮಾರಿಗಳ ಪಾಡು ಎಂಬ ಮಾತನ್ನಂತೂ ಸಮಾಜ ಸಂಶೋಧಕ ಸೀಬೋಮ್ ರೌಂಟ್ರಿ 1901ರಲ್ಲೇ ಅಲ್ಲಗಳೆದಿದ್ದರು. ಯಾರ್ಕ್ ನಗರದ ದುಡಿಯುವ ಜನರ ಮನೆಮನೆಯ ಮಾಹಿತಿ ಸಂಗ್ರಹಿಸಿ, ಊರಿನ ಕಾಲು ಭಾಗಕ್ಕಿಂತ ಹೆಚ್ಚು ಜನ ಬಡತನದಲ್ಲಿದ್ದಾರೆ, ಹೊಟ್ಟೆಬಟ್ಟೆಗೂ ಸಾಲದ ಕಡುಬಡತನಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಕೂಲಿ ಕಡಿಮೆಯಿರುವುದು ಎಂದು ಅವರು ತೋರಿಸಿದರು. ಬೆಳಗಿನಿಂದ ಸಂಜೆಯವರೆಗೆ ದುಡಿದೂ ಹಸಿದಿದ್ದವರು ಅವರು.

ನನಗೆ ಕೊಟ್ಟ ಸಮಯದಲ್ಲಿ ಸ್ವಲ್ಪವೇ ಉಳಿದಿರುವುದರಿಂದ ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. 1906ರ ಚುನಾವಣೆಯಲ್ಲಿ ಭಾರಿ ಬಹುಮತ ಪಡೆದ ಲಿಬರಲ್ಲರು ಆರು ವರ್ಷಗಳೊಳಗೆ ಶಾಲೆಯ ಮಕ್ಕಳಿಗೆ ಊಟ, ವೃದ್ಧರಿಗೆ ಪಿಂಚಣಿ, ಕೆಲವು ಉದ್ಯೋಗಗಳಲ್ಲಿ ಕನಿಷ್ಠ ಕೂಲಿ, ಅನಾರೋಗ್ಯಕ್ಕೂ ನಿರುದ್ಯೋಗಕ್ಕೂ ವಿಮೆ ಇವೆಲ್ಲಕ್ಕೂ ಶಾಸನ ಮಾಡಿದರು. 1911ರ ಆರೋಗ್ಯ ವಿಮೆಯಲ್ಲಿ ವಾರಕ್ಕೆ ಕಾರ್ಮಿಕ 4 ಪೆನ್ಸ್, ಮಾಲೀಕ 3 ಪೆನ್ಸ್, ಸರ್ಕಾರ 2 ಪೆನ್ಸ್ ಹಾಕಬೇಕಿತ್ತು. ಆ ಲೆಕ್ಕದಲ್ಲೇ ಈ ಸಿದ್ಧಾಂತದ ಸ್ವಭಾವ ಕಾಣುತ್ತದೆ, ಅಲ್ಲಿ ಯಾರ ಹೊಣೆಯೂ ತಪ್ಪುವುದಿಲ್ಲ. 1942ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ವಿಲಿಯಂ ಬೆವರಿಜ್ ತಮ್ಮ ವರದಿಯಲ್ಲಿ ಕೊರತೆ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ ಎಂಬ ಐದು ದೈತ್ಯರನ್ನು ಹೆಸರಿಸಿದರು. ಬಡತನದಲ್ಲಿ ಸಿಲುಕಿದವನು ಸ್ವತಂತ್ರನಲ್ಲವೆಂದು 1944ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಹೇಳಿದರು. ಗೇಣಿದಾರನ ಹೊಲದಲ್ಲಿ ಗ್ರೀನ್ ಕಂಡದ್ದೂ ಇದನ್ನೇ.

1908ರ ಪಿಂಚಣಿ ಶಾಸನದ ಬಗ್ಗೆ ಇನ್ನೊಂದು ಸಂಗತಿ ಉಳಿದಿದೆ. 70 ವರ್ಷ ತುಂಬಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ 5 ಶಿಲ್ಲಿಂಗ್ ಕೊಡುವ ಶಾಸನ ಅದು. ಅಲ್ಲಿಯವರೆಗೆ ಬಡವರ ಪರಿಹಾರ ನಿಧಿಯ ನೆರವಿನಿಂದ ಬದುಕಿದವನು ಮತದಾನದ ಹಕ್ಕನ್ನು ಕಳೆದುಕೊಳ್ಳುತ್ತಿದ್ದ. ಹೊಸ ಶಾಸನ ತನ್ನ ಮೊದಲನೆಯ ಸೆಕ್ಷನ್ನಿನಲ್ಲೇ ಇದನ್ನು ತಡೆಯಿತು. ಈ ಪಿಂಚಣಿ ಪಡೆದ ಕಾರಣಕ್ಕೆ ಯಾರೂ ಮತಾಧಿಕಾರವನ್ನಾಗಲಿ ಬೇರಾವ ಹಕ್ಕನ್ನಾಗಲಿ ಕಳೆದುಕೊಳ್ಳತಕ್ಕದ್ದಲ್ಲವೆಂದು ಅಲ್ಲಿ ಬರೆದಿದೆ. 1909ರ ಜನವರಿ 1ರಿಂದ ಅಂಚೆ ಕಚೇರಿಗಳಲ್ಲಿ ಹಣ ಕೊಡಲಾರಂಭಿಸಿದಾಗ, ಅಲ್ಲಿಗೆ ಬಂದ ಮುದುಕರು ಆ ಹಣದೊಂದಿಗೆ ತಮ್ಮ ಹಕ್ಕುಗಳನ್ನೂ ಉಳಿಸಿಕೊಂಡೇ ಮನೆಗೆ ಮರಳಿದರು. ನಮಸ್ಕಾರ.