ಜಗುಲಿಯ ಕೊಂಬು, ಜೋಹಾನ್ಸ್‌ಬರ್ಗಿನ ಪಟ್ಟಿ

ಕೇಳುಗರೆಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳೆಯ ಮನೆಗಳ ಜಗುಲಿಯಲ್ಲಿ ಗೋಡೆಗೆ ಹೊಡೆದ ಕಡವೆಯ ಕೊಂಬನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ನಾನು ಹುಟ್ಟಿ ಬೆಳೆದ ಮನೆಯಲ್ಲೂ ಅಜ್ಜನ ಕಾಲದ್ದೊಂದಿತ್ತು. ಅದರ ಒಂದು ಕವಲಿಗೆ ಕೊಡೆ, ಇನ್ನೊಂದಕ್ಕೆ ತೋಟದಿಂದ ಬಂದವರ ಒದ್ದೆ ಟವೆಲ್ಲು, ಮಳೆಗಾಲವಾದರೆ ಕಂಬಳಿಕೊಪ್ಪೆ. ನಮ್ಮ ಪಾಲಿಗೆ ಅದು ಬೇಟೆಯ ಗುರುತಲ್ಲ, ಬರೀ ಗೂಟ. 2023ರ ಅಕ್ಟೋಬರ್‌ನಲ್ಲಿ ಹುಲಿಯುಗುರಿನ ಪದಕ ತೊಟ್ಟವರ ಮೇಲೆ ರಾಜ್ಯದಲ್ಲಿ ಪ್ರಕರಣಗಳು ದಾಖಲಾದ ಮೇಲೆಯೇ ಅದು ಮನೆಯವರ ಕಣ್ಣಿಗೆ ಕೊಂಬಾಗಿ ಕಂಡಿದ್ದು. ಅಜ್ಜ ತಂದಿಟ್ಟಿದ್ದಕ್ಕೆ ನಮ್ಮದೇನು ತಪ್ಪು ಎಂದು ಆಗ ಊರೂರಲ್ಲಿ ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ವನ್ಯಜೀವಿ ಕಾನೂನಿನ ಒಳಮನೆಗೇ ದಾರಿ ಸಿಗುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ಉರುಳು ಹಾಕುವುದು, ಬಲೆಯೊಡ್ಡುವುದು, ಹಕ್ಕಿಯ ಗೂಡು ಕೆಡಿಸುವುದು, ಮೊಟ್ಟೆ ಒಡೆಯುವುದು ಎಲ್ಲವೂ ಬೇಟೆಯೇ. ಕಾಡುಪ್ರಾಣಿಯ ಕೊಂಬು, ಉಗುರು, ಚರ್ಮವನ್ನು ಪ್ರಮಾಣಪತ್ರವಿಲ್ಲದೆ ಇಟ್ಟುಕೊಳ್ಳುವುದೂ ಅಪರಾಧ. ಇದ್ದದ್ದನ್ನು ಇದೆಯೆಂದು ಘೋಷಿಸಲು ಕಾಯ್ದೆ ಜಾರಿಯಾದಾಗ 30 ದಿನಗಳ ಅವಕಾಶವಿತ್ತು, 2003ರಲ್ಲಿ ಇನ್ನೊಮ್ಮೆ 180 ದಿನಗಳ ಅವಕಾಶ ಸಿಕ್ಕಿತು. ರಾಜಪತ್ರದಲ್ಲಿ ಬಂದ ಈ ಸುದ್ದಿ ಘಟ್ಟದ ಮೂಲೆಯ ಒಂಟಿಮನೆಗಳಿಗೆ ಎಷ್ಟರಮಟ್ಟಿಗೆ ಮುಟ್ಟಿತೋ ನೀವೇ ಊಹಿಸಬಹುದು. ಜನರ ಅಸಮಾಧಾನದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ.

ಆದರೂ ಕಾಯ್ದೆಯ ಹಟಕ್ಕೊಂದು ಕಾರಣವಿದೆ. ಐವತ್ತು ವರ್ಷ ಹಳೆಯ ಉಗುರಿಗೂ ಹೋದ ವರ್ಷ ಕಿತ್ತ ಉಗುರಿಗೂ ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹಳೆಯದನ್ನು ಮಾರಬಹುದೆಂದು ಬಿಟ್ಟರೆ ಹೊಸದೆಲ್ಲವೂ ಅಜ್ಜನ ಕಾಲದ್ದೇ ಆಗಿಬಿಡುತ್ತದೆ. ಹಾಗಾಗಿ ಕಾನೂನು ಕಾಡಿನಲ್ಲಿ ಕೋವಿ ಹಿಡಿದವನನ್ನು ಎಷ್ಟು ಹುಡುಕುತ್ತದೆಯೋ ಪೇಟೆಯಲ್ಲಿ ಕೊಳ್ಳುವವನನ್ನೂ ಅಷ್ಟೇ ಹುಡುಕುತ್ತದೆ.

ಇದೇ ಯೋಚನೆಯನ್ನು ದೇಶದೇಶಗಳ ನಡುವಿನ ವ್ಯಾಪಾರಕ್ಕೆ ಅನ್ವಯಿಸಿದ್ದು ಸೈಟಿಸ್ ಎಂದು ಕರೆಯಲಾಗುವ ಒಪ್ಪಂದ. 1973ರ ಮಾರ್ಚ್ 3ರಂದು ವಾಷಿಂಗ್ಟನ್‌ನಲ್ಲಿ ಇದಕ್ಕೆ ಸಹಿ ಬಿತ್ತು, 1975ರ ಜುಲೈ 1ರಿಂದ ಜಾರಿಗೆ ಬಂತು, ಭಾರತ 1976ರಲ್ಲಿ ಸೇರಿಕೊಂಡಿತು. ಇದರ ಮೊದಲನೆಯ ಅನುಬಂಧದಲ್ಲಿರುವ ಕಾಡುಜೀವಿಗಳ ವಾಣಿಜ್ಯ ವ್ಯಾಪಾರ ದೇಶಗಳ ನಡುವೆ ನಿಷಿದ್ಧ. ಎರಡನೆಯದರಲ್ಲಿರುವವನ್ನು ಸಾಗಿಸಲು ಪರವಾನಗಿ ಬೇಕು.

ನಮ್ಮ ಚಿಪ್ಪುಹಂದಿಯನ್ನೇ ನೋಡಿ. ಇರುವೆ, ಗೆದ್ದಲು ತಿಂದು ಬದುಕುವ, ಹಲ್ಲೇ ಇಲ್ಲದ, ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುವ ಸಾಧು ಪ್ರಾಣಿಯದು. ಅಪಾಯ ಕಂಡರೆ ಮುಖವನ್ನು ಹೊಟ್ಟೆಗೆ ಒತ್ತಿಕೊಂಡು ಚೆಂಡಿನಂತೆ ಸುರುಳಿ ಸುತ್ತಿಕೊಳ್ಳುತ್ತದೆ. ಚಿರತೆಯ ಹಲ್ಲನ್ನು ಆ ಚಿಪ್ಪು ತಡೆದೀತು. ಮನುಷ್ಯನಿಗಾದರೆ ಅದರಿಂದ ಅನುಕೂಲವೇ ಆಯಿತು, ಓಡಿಸಿಕೊಂಡು ಹೋಗಬೇಕಾಗಿಲ್ಲ, ಎತ್ತಿ ಚೀಲಕ್ಕೆ ಹಾಕಿಕೊಂಡರೆ ಸಾಕು. ಆ ಚಿಪ್ಪಾದರೂ ಏನು? ನಮ್ಮ ಕೈಬೆರಳಿನ ಉಗುರಿನಲ್ಲಿರುವ ಕೆರಾಟಿನ್ನೇ. ಅದರಲ್ಲಿ ಔಷಧಗುಣವಿದೆಯೆಂಬ ನಂಬಿಕೆಗಾಗಿ ಅದು ಗಡಿ ದಾಟುತ್ತಿತ್ತು. 2016ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ನಡೆದ ಸೈಟಿಸ್ ಸಭೆ ಪ್ರಪಂಚದ ಎಂಟೂ ಜಾತಿಯ ಚಿಪ್ಪುಹಂದಿಗಳನ್ನು ಮೊದಲನೆಯ ಅನುಬಂಧಕ್ಕೆ ಸೇರಿಸಿತು.

ಮಲೆನಾಡಿಗರು ಅದೇ ಸಭೆಯ ಇನ್ನೊಂದು ತೀರ್ಮಾನವನ್ನೂ ನೆನಪಿಡಬೇಕು. ಬೀಟೆ ಮರ ಸೇರಿದ ಡಾಲ್ಬರ್ಜಿಯಾ ಕುಲವಿಡೀ ಎರಡನೆಯ ಅನುಬಂಧಕ್ಕೆ ಬಂತು. ಸ್ವಂತ ಜಮೀನಿನ ಬೀಟೆಯನ್ನೂ ಅನುಮತಿಯಿಲ್ಲದೆ ಕಡಿಯಬಾರದೆಂಬುದು ನಮಗೆ ಗೊತ್ತಿದ್ದ ವಿಷಯವೇ. ಅದೇ ಬೀಟೆಯ ನಾಟಾ ಹಡಗು ಹತ್ತುವಾಗಲೂ ಕಾಗದ ತೋರಿಸಬೇಕಾದದ್ದು ಆಮೇಲೆ. 2019ರಲ್ಲಿ ಜಿನೀವಾದಲ್ಲಿ ಸೇರಿದ ಸಭೆ ಸಣ್ಣ ಉಗುರಿನ ನೀರುನಾಯಿಯನ್ನು ಮೊದಲನೆಯ ಅನುಬಂಧಕ್ಕೆ ಏರಿಸಿತು. ಘಟ್ಟದ ಹಳ್ಳಗಳಲ್ಲಿ ಏಡಿ ಹಿಡಿದು ತಿನ್ನುವ ಈ ಜೀವಿಯ ಬಂಧುಗಳು ಜಪಾನಿನ ಕಾಫಿ ಅಂಗಡಿಗಳಲ್ಲಿ ಗಿರಾಕಿಗಳ ಮುದ್ದಿಗೆ ಒಳಗಾಗಿದ್ದವು ಎಂದರೆ ನಂಬುವುದು ಕಷ್ಟ.

ಇಂಥ ಒಪ್ಪಂದಗಳಿಗೆ ಸ್ವಂತ ಪೊಲೀಸರಿಲ್ಲ, ಜೈಲೂ ಇಲ್ಲ. ಸಂವಿಧಾನದ 253ನೆಯ ವಿಧಿ ಅಂತರರಾಷ್ಟ್ರೀಯ ಒಪ್ಪಂದಗಳನ್ನು ಜಾರಿಗೊಳಿಸಲು ಕಾನೂನು ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಹಾಗೆ ಮಾಡಿದಾಗಲೇ ಒಪ್ಪಂದಕ್ಕೆ ಕೈಕಾಲು ಬರುವುದು. ಸೈಟಿಸ್ ಸೇರಿ ನಾಲ್ಕು ದಶಕ ಕಳೆದರೂ ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೊಂದು ಅಧ್ಯಾಯವಿರಲಿಲ್ಲ. 2022ರ ತಿದ್ದುಪಡಿ ಆ ಕೊರತೆಯನ್ನು ತುಂಬಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆರಿದ್ದ ಅನುಸೂಚಿಗಳು ನಾಲ್ಕಾದವು; ನಾಲ್ಕನೆಯದು ಸೈಟಿಸ್ ಪಟ್ಟಿಯ ಜೀವಿಗಳಿಗೇ ಮೀಸಲು. ಹೊರದೇಶದ ಗಿಳಿಯನ್ನೋ ಹೆಬ್ಬಾವನ್ನೋ ಶಿವಮೊಗ್ಗದ ಮನೆಯಲ್ಲಿ ಸಾಕುವವರೂ ಅದು ಆ ಪಟ್ಟಿಯಲ್ಲಿದ್ದರೆ ಈಗ ನೋಂದಾಯಿಸಬೇಕು. ತಡವಾಯಿತು ಎಂಬುದೇ ನನ್ನ ತಕರಾರು.

2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ, ಕರ್ನಾಟಕದ ಹತ್ತರಲ್ಲಿ ಆಗುಂಬೆಯ ಮೀಸಲು ಅರಣ್ಯವೂ ಇದ್ದುದರಿಂದ, ನಮ್ಮಲ್ಲಿ ಆತಂಕ ಎದ್ದಿತ್ತು. ಆ ಅರಣ್ಯ ಮೊದಲೇ ನಮ್ಮದೇ ಕಾನೂನಿನ ಕಾವಲಿನಲ್ಲಿತ್ತು. ಪಟ್ಟಿಯಿಂದ ಯಾರ ತೋಟಕ್ಕೂ ವಿದೇಶಿ ಅಧಿಕಾರಿ ಬರುವಂತಿರಲಿಲ್ಲ. ಅದನ್ನು ಕೂತು ತಿಳಿಹೇಳುವವರೂ ಕಡಿಮೆಯಿದ್ದರು.

ನಮ್ಮ ಮನೆಯ ಕೊಂಬಿಗೆ ಪ್ರಮಾಣಪತ್ರವಿರಲಿಲ್ಲ. ಅಣ್ಣ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಿ ಅರಣ್ಯ ಇಲಾಖೆಗೆ ಒಪ್ಪಿಸಿ, ಬರೆಸಿಕೊಂಡು ಬಂದ. ಅದಿದ್ದ ಕಡೆ ಸುಣ್ಣದ ಬಿಳುಪು ಹಾಗೇ ಉಳಿದು ಸುತ್ತಲ ಗೋಡೆ ಹೊಗೆಗೆ ಮಾಸಿತ್ತು. ಈಗ ಅಲ್ಲಿ ಹಲಸಿನ ಗೂಟ ಹೊಡೆದಿದ್ದೇವೆ. ಕೊಡೆ ಅದರ ಮೇಲಿದೆ.

ನಮಸ್ಕಾರ.