ಮೊದಲು ನೀರಿನ ಬಾಟಲಿ ಖಾಲಿಯಾಗಲಿ

ಕೇಳುಗರಿಗೆ ನಮಸ್ಕಾರ.

ಜೂನ್ 21 ಬಂತೆಂದರೆ ಎಷ್ಟೋ ಕಾರ್ಖಾನೆಗಳ ಅಂಗಳದಲ್ಲಿ ಚಾಪೆ ಹಾಸಿ ಯೋಗ ಮಾಡಿಸುತ್ತಾರೆ. ಮಾಡಿಸಲಿ, ಒಳ್ಳೆಯದೇ. ಆದರೆ ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಆರೋಗ್ಯದ ಮಾತೆತ್ತಿದರೆ, ನನ್ನ ಕಣ್ಣು ಮೊದಲು ಹೋಗುವುದು ಅವರ ನೀರಿನ ಬಾಟಲಿಯತ್ತ. ಬೆಳಿಗ್ಗೆ ತುಂಬಿಸಿ ತಂದದ್ದು ಎಷ್ಟೋ ಜನರಲ್ಲಿ ಸಂಜೆಗೂ ಮುಕ್ಕಾಲು ಪಾಲು ಉಳಿದಿರುತ್ತದೆ. ಬಾಯಾರಿಕೆ ಇಲ್ಲವೆಂದಲ್ಲ. ನೀರು ಕುಡಿದರೆ ಶೌಚಾಲಯಕ್ಕೆ ಏಳಬೇಕು. ಎದ್ದರೆ ಯಂತ್ರದ ಪಕ್ಕ ಬಟ್ಟೆಯ ತುಂಡುಗಳು ರಾಶಿ ಬೀಳುತ್ತವೆ, ಗಂಟೆಯ ಟಾರ್ಗೆಟ್ ತಪ್ಪುತ್ತದೆ, ಸೂಪರ್‌ವೈಸರ್ ಎಲ್ಲರೆದುರು ಬೈಯುತ್ತಾರೆ. ಅದಕ್ಕೇ ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ತಲೆನೋವು, ಮಲಬದ್ಧತೆ, ಮತ್ತೆ ಮತ್ತೆ ಬರುವ ಉರಿಮೂತ್ರಕ್ಕೆ ಇಲ್ಲಿಂದಲೇ ದಾರಿಯಾಗುತ್ತದೆ.

ಇದರ ಮೇಲೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ಇದು ಇದೆ. ಊಟವಾದ ತಕ್ಷಣ ಚಹಾ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ತಡೆದು ಕುಡಿಯಿರಿ. ಊಟದ ಜೊತೆ ನಿಂಬೆ ಹಿಂಡಿಕೊಳ್ಳಿ.

ಇನ್ನು ಆಡಳಿತದವರಿಗೆ ಒಂದು ಮಾತು. 250ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಬೇಸಿಗೆಗೆ ತಂಪು ನೀರು ಇರಬೇಕು, ಸತತ ಐದು ಗಂಟೆ ದುಡಿಸುವ ಮುನ್ನ ಅರ್ಧ ಗಂಟೆಯಾದರೂ ವಿರಾಮ ಕೊಡಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ನಾನು ಕೇಳುವುದು ಅದಕ್ಕಿಂತ ಒಂದಿಷ್ಟೇ ಹೆಚ್ಚು: ಒಬ್ಬರು ಎದ್ದುಹೋದಾಗ ಆ ಯಂತ್ರಕ್ಕೆ ಕೂರಲು ಪ್ರತಿ ಲೈನಿಗೂ ಒಬ್ಬ ಹೆಚ್ಚುವರಿ ಟೈಲರ್ ಇರಲಿ. ಕೆಲಸವೂ ನಿಲ್ಲುವುದಿಲ್ಲ, ಯಾರೂ ಅನುಮತಿಗಾಗಿ ಕೈಕಟ್ಟಿ ನಿಲ್ಲಬೇಕಾಗುವುದೂ ಇಲ್ಲ.

ಅಕ್ಕ ತಂಗಿಯರೇ, ಉರಿಮೂತ್ರದ ಜೊತೆ ಚಳಿಜ್ವರ, ಪಕ್ಕೆಯ ಹಿಂಭಾಗದಲ್ಲಿ ನೋವು ಕಾಣಿಸಿದರೆ ಅಂಗಡಿಯ ಮಾತ್ರೆ ನುಂಗಿ ಸುಮ್ಮನಾಗಬೇಡಿ. ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಅಂದೇ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಯ ಆಸ್ಪತ್ರೆಗೆ ಹೋಗಿ. ನಿಮ್ಮ ಸಂಬಳದಿಂದ ಶೇ. 0.75 ಅದಕ್ಕೇ ಕಡಿತವಾಗುತ್ತಿದೆ, ಮಾಲೀಕರೂ ಶೇ. 3.25 ಕಟ್ಟುತ್ತಾರೆ. ಅಲ್ಲಿನ ವೈದ್ಯರು ವಿಶ್ರಾಂತಿ ಬರೆದುಕೊಟ್ಟರೆ, ಅರ್ಹತೆಗೆ ಬೇಕಾದಷ್ಟು ದಿನ ಈ ವಂತಿಗೆ ಕಟ್ಟಿದವರಿಗೆ ಸಂಬಳದ ಶೇ. 70ರಷ್ಟು ಹಣ ವರ್ಷಕ್ಕೆ 91 ದಿನಗಳವರೆಗೂ ಸಿಗುತ್ತದೆ. ವೈದ್ಯರ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.