ಮಂಡಿ ಆಪರೇಷನ್ ಆದ ಮೇಲೆ ಮಾತ್ರೆ ಯಾವಾಗ?

ಕೇಳುಗರೆಲ್ಲರಿಗೂ ನಮಸ್ಕಾರ. ಮಂಡಿ ಕೀಲು ಬದಲಾಯಿಸಿಕೊಂಡು ಈಗಷ್ಟೇ ಮನೆಗೆ ಬಂದಿರುವವರೇ, ರೇಡಿಯೋ ಸ್ವಲ್ಪ ಹತ್ತಿರ ಇಟ್ಟುಕೊಳ್ಳಿ. ನಾನು ಹೇಳುವುದು ಒಂದೇ ಮಾತು. ನೋವು ಏರುವ ಮೊದಲೇ ಮಾತ್ರೆ ತೆಗೆದುಕೊಳ್ಳಿ.

"ತಡ್ಕೋತೀನಿ ಡಾಕ್ಟ್ರೇ" ಅನ್ನುವವರೇ ಜಾಸ್ತಿ. ಯಾಕೆ ತಡೆದುಕೊಳ್ಳಬೇಕು? ಮೂಳೆಗಳ ಸವೆದ ತುದಿ ಕೊಯ್ದು ಲೋಹ ಕೂರಿಸಿದ್ದೇವೆ, ನಡುವೆ ಪ್ಲಾಸ್ಟಿಕ್ ಇಟ್ಟಿದ್ದೇವೆ. ನೋಯದೇ ಇರುತ್ತದಾ? ಮೊದಲ 2 ವಾರ ಚೆನ್ನಾಗಿಯೇ ನೋಯುತ್ತದೆ. ಅದಕ್ಕೆ ಹೆದರಿ ಕಾಲು ಮಡಿಸದೆ ಮಲಗಿದರೆ ಮಂಡಿ ಒಳಗೇ ಬಿಗಿದುಕೊಳ್ಳುತ್ತದೆ.

ನಮ್ಮಲ್ಲಿ ಒಬ್ಬರು ಅಜ್ಜಿ ಇದ್ದರು. ಫಿಸಿಯೋ ಹುಡುಗ ಮನೆಗೆ ಬಂದರೆ ಸಾಕು, ಕಾಲು ಮುಟ್ಟುವ ಮೊದಲೇ ಅಳು. ಸೊಸೆ ದೇವರಾಣೆ ಮಾಡುತ್ತಾರೆ, "ಹೊತ್ತುಹೊತ್ತಿಗೆ ಮಾತ್ರೆ ಕೈಗೇ ಕೊಡ್ತಿದ್ದೀನಿ" ಅಂತ. ಕೊಟ್ಟಿದ್ದು ನಿಜ. ಒಂದು ದಿನ ಮೊಮ್ಮಗಳು ಲವಂಗ ಹುಡುಕುತ್ತಾ ಅಜ್ಜಿಯ ಎಲೆಅಡಿಕೆ ಚೀಲಕ್ಕೆ ಕೈ ಹಾಕಿದಳು. ಮಾತ್ರೆಗಳೆಲ್ಲ ಅಲ್ಲಿದ್ದವು! ಕೇಳಿದರೆ, "ಕಿಡ್ನಿ ಹೋಗುತ್ತಂತೆ, ಪಕ್ಕದ ಮನೆಯವಳು ಹೇಳಿದಳು." ಪಕ್ಕದ ಮನೆಯವರು ಯಾವ ಕಾಲೇಜಲ್ಲಿ ಓದಿದರೋ! ಬಿಪಿ, ಸಕ್ಕರೆ ಕಾಯಿಲೆ ಇರುವವರು ಅಂಗಡಿಯಿಂದ ಸುಮ್ನೆ ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ತಂದು ನುಂಗಿದರೆ ಕಿಡ್ನಿಗೆ ಅಪಾಯ ಹೌದು. ಅಜ್ಜಿಗೆ ಕೊಟ್ಟಿದ್ದು ಪ್ಯಾರಾಸಿಟಮಾಲ್, ಅದೂ ರಕ್ತ ಪರೀಕ್ಷೆ ನೋಡಿಯೇ. ಮಾರನೇ ದಿನದಿಂದ ತಿಂಡಿ ತಿಂದು ಮಾತ್ರೆ, ಮುಕ್ಕಾಲು ಗಂಟೆ ಬಿಟ್ಟು ವ್ಯಾಯಾಮ. ಕಾಲು ಮಡಿಯಲು ಶುರುವಾಯಿತು. ಆಮೇಲೆ ಮಾತ್ರೆ ಐದು ನಿಮಿಷ ತಡವಾದರೆ ಸೊಸೆಗೇ ಬೈಗುಳ!

ಅಜ್ಜಿ ಕತೆಯಲ್ಲೇ ಸಮಯ ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ. ವ್ಯಾಯಾಮ ಆದ ಮೇಲೆ ಐಸನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿ. ಮಂಡಿ ಕೆಳಗೆ ದಿಂಬು ಬೇಡವೇ ಬೇಡ, ಕಾಲು ನೆಟ್ಟಗಾಗುವುದಿಲ್ಲ. ಹಿಮ್ಮಡಿ ಕೆಳಗೆ ಇಡಿ. ಗಾಯದ ಮೇಲೆ ಎಣ್ಣೆ ತಿಕ್ಕಬೇಡಿ. ಊತ ತಿಂಗಳುಗಟ್ಟಲೆ ಇರಬಹುದು, ಗಾಬರಿ ಬೇಡ. ಜ್ವರ ಬಂತು ಅಂತ ಇನ್ನೊಂದು ಪ್ಯಾರಾಸಿಟಮಾಲ್ ಸೇರಿಸಬೇಡಿ, ಫೋನ್ ಮಾಡಿ. ಗಾಯದಿಂದ ಕೀವು ಬಂದರೆ, ಮೀನಖಂಡ ಊದಿ ನೋಯತೊಡಗಿದರೆ ಅವತ್ತೇ ಬನ್ನಿ. ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ಕಾಯಲೇಬೇಡಿ, 108ಕ್ಕೆ ಕರೆ ಮಾಡಿ. ನಮಸ್ಕಾರ.